ಜೀರ್ಣೋದ್ಧಾರದ ಫಲಕ: ಹಾಸನದ ಒಂದು ಶಿಲಾಫಲಕದ ಅಂಗಡಿಯ ಕೆಲಸ

ದೇವಾಲಯ, ಶಾಲೆ, ಸಮುದಾಯ ಭವನ ಅಥವಾ ಕೆರೆಯ ಕೆಲಸ ಮುಗಿದ ಮೇಲೆ ಗೋಡೆಗೆ ಕೂರಿಸುವ ಕಲ್ಲಿನ ಫಲಕವನ್ನು ಮಾಡಿಸಲು ಹೊರಟವರು ಸಾಮಾನ್ಯವಾಗಿ ಕಲ್ಲಿನ ಹೊಳಪು, ಅಕ್ಷರದ ಬಣ್ಣ ಮತ್ತು ಚದರ ಅಡಿಯ ದರ ಇವಿಷ್ಟನ್ನೇ ವಿಚಾರಿಸುತ್ತಾರೆ. ನಮ್ಮೂರಿನ ಈಶ್ವರ ದೇವಾಲಯದ ಸಮಿತಿಯ ಪರವಾಗಿ ಹಾಸನದ ಹೊರವಲಯದ ಒಂದು ಅಂಗಡಿಯಲ್ಲಿ ಫಲಕ ಮಾಡಿಸಿದ ಮೇಲೆ, ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಬೇರೊಂದಿದೆ ಎಂದು ನನಗೆ ಖಚಿತವಾಗಿದೆ. ನಾವು ಕೊಟ್ಟ ಬರಹವನ್ನು ಕಲ್ಲಿಗೆ ಇಳಿಸುವ ಮುನ್ನ ಅಲ್ಲಿ ಯಾರಾದರೂ ಅದನ್ನು ಓದುತ್ತಾರೆಯೇ ಎಂಬುದೇ ಆ ಪ್ರಶ್ನೆ. ಈ ಅಂಗಡಿಯಲ್ಲಿ ಓದುತ್ತಾರೆ, ಅರ್ಥವನ್ನು ಕೇಳುತ್ತಾರೆ, ಕಾಗುಣಿತವನ್ನು ತಿದ್ದುತ್ತಾರೆ, ತಿದ್ದಿದ್ದಕ್ಕೆ ಕಾರಣವನ್ನೂ ಹೇಳುತ್ತಾರೆ. ಅಂಗಡಿ ಚಿಕ್ಕದು, ಇರುವ ಕೆಲಸಕ್ಕೇ ಕೈ ಸಾಲದಿರುವುದರಿಂದ ಹೆಸರು ಹಾಕುವುದು ಬೇಡವೆಂದು ಯಜಮಾನರು ಕೇಳಿಕೊಂಡಿದ್ದಾರೆ. ಹಾಗಾಗಿ ಅವರ ಕೆಲಸದ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ. ಬೇರೆ ಊರಿನವರು ತಮ್ಮ ಹತ್ತಿರದ ಅಂಗಡಿಯಲ್ಲಿ ಇದೇ ಕ್ರಮವನ್ನು ಕೇಳಿ ಪಡೆಯಬಹುದು.

ನಾವು ಮಾಡಿಸಿದ್ದು 3 ಅಡಿ ಅಗಲ, 2 ಅಡಿ ಎತ್ತರದ, 20 ಮಿಲಿಮೀಟರ್ ದಪ್ಪದ ಕಪ್ಪು ಗ್ರಾನೈಟಿನ ಫಲಕ. ತೂಕ ಸುಮಾರು 30 ಕಿಲೋ ಬರುತ್ತದೆ, ಇಬ್ಬರು ಹಿಡಿದು ಎತ್ತಬೇಕು. ಮೇಲಿನ ಸಾಲಿನಲ್ಲಿ ದೇವರ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಜೀರ್ಣೋದ್ಧಾರದ ಒಕ್ಕಣೆ, ಆಮೇಲೆ ಶಾಲಿವಾಹನ ಶಕ ಮತ್ತು ಸಂವತ್ಸರದೊಂದಿಗೆ ತಿಥಿ, ಕೊನೆಯಲ್ಲಿ ದಾನಿಗಳ ಹೆಸರು ಎಂಬುದು ಸಮಿತಿಯ ಯೋಜನೆಯಾಗಿತ್ತು. ಬರಹವನ್ನು ವಾಟ್ಸಾಪಿನಲ್ಲಿ ಕಳುಹಿಸಿದ ನಂತರ ಅಂಗಡಿಯಿಂದ ಬಂದ ಮೊದಲ ಕರೆ ದರದ ಬಗ್ಗೆ ಇರಲಿಲ್ಲ. "ಸ್ವಾಮಿ, ಹಳೇ ಗುಡಿ ಉಳಿಸಿಕೊಂಡಿದ್ದೀರೋ, ಇಲ್ಲ ಪೂರ್ತಿ ಕೆಡವಿ ಕಟ್ಟಿದ್ದೀರೋ? ಅದನ್ನು ಮೊದಲು ಹೇಳಿ," ಎಂದು ಯಜಮಾನರು ಕೇಳಿದರು.

ಈ ಪ್ರಶ್ನೆಗೆ ಕಾರಣವಿತ್ತು. ಸಮಿತಿಯ ಕರಡಿನಲ್ಲಿ ಮೇಲೊಂದು ಕಡೆ "ಜೀರ್ಣೋದ್ಧಾರ" ಎಂದೂ ಕೆಳಗೊಂದು ಕಡೆ "ನೂತನ ದೇವಾಲಯ ನಿರ್ಮಾಣ" ಎಂದೂ ಇತ್ತು. ಎರಡೂ ಒಂದೇ ಕೆಲಸಕ್ಕೆ ಒಟ್ಟಿಗೆ ಸಲ್ಲುವುದಿಲ್ಲ. ಜೀರ್ಣ ಎಂದರೆ ಕಾಲ ಕಳೆದು ಸವೆದದ್ದು, ಶಿಥಿಲವಾದದ್ದು. ಉದ್ಧಾರ ಎಂದರೆ ಮೇಲೆತ್ತುವುದು. ಎತ್ತಿ ನಿಲ್ಲಿಸುವುದಕ್ಕೆ ಹಳೆಯದೊಂದು ಅಲ್ಲಿ ಉಳಿದಿರಬೇಕು. ನಮ್ಮ ಗುಡಿಯಲ್ಲಿ ಗರ್ಭಗುಡಿಯ ಗೋಡೆ ಮತ್ತು ಬಾಗಿಲವಾಡ ಹಾಗೆಯೇ ಇವೆ, ನವರಂಗದ ಕಂಬಗಳನ್ನು ಕದಲಿಸಿಲ್ಲ, ಬಿರುಕು ಬಿಟ್ಟಿದ್ದ ಮೇಲ್ಚಾವಣಿಯ ಚಪ್ಪಡಿಗಳನ್ನು ಬದಲಿಸಿದ್ದಾರೆ ಮತ್ತು ಕುಸಿದಿದ್ದ ನೆಲವನ್ನು ಎತ್ತರಿಸಿ ಹೊಸದಾಗಿ ಕಲ್ಲು ಹಾಸಿದ್ದಾರೆ. ಇದು ಅಕ್ಷರಶಃ ಜೀರ್ಣೋದ್ಧಾರ. ಪೂರ್ತಿ ಕೆಡವಿ ಅದೇ ಜಾಗದಲ್ಲಿ ಕಾಂಕ್ರೀಟಿನ ಗುಡಿ ಎಬ್ಬಿಸಿದ್ದರೆ ಪುನರ್ನಿರ್ಮಾಣ ಎನ್ನುವುದೇ ಪ್ರಾಮಾಣಿಕವಾದ ಮಾತಾಗುತ್ತಿತ್ತು. ಊರೂರುಗಳಲ್ಲಿ ಹಳೆಯ ಕಲ್ಲುಗುಡಿಗಳನ್ನು ನೆಲಸಮ ಮಾಡಿ ಅದರ ಮೇಲೆ ಜೀರ್ಣೋದ್ಧಾರದ ಫಲಕ ತೂಗುಹಾಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ; ಐವತ್ತು ವರ್ಷದ ನಂತರ ಆ ಫಲಕವನ್ನು ಓದುವವರು ತಾವು ನಿಂತಿರುವುದು ಹಳೆಯ ಗೋಡೆಗಳ ನಡುವೆಯೇ ಎಂದು ನಂಬುತ್ತಾರೆ. ಯಜಮಾನರ ಪ್ರಶ್ನೆಯಿಂದ ನಮ್ಮ ಫಲಕ ಅಂಥ ತಪ್ಪು ಹೇಳಿಕೆಯಿಂದ ಪಾರಾಯಿತು. "ನೂತನ ನಿರ್ಮಾಣ" ಹೋಯಿತು, ಜೀರ್ಣೋದ್ಧಾರ ಉಳಿಯಿತು, ಯಾವ ಭಾಗ ಹೊಸದು ಎಂಬ ಒಂದು ಚಿಕ್ಕ ಸಾಲು ಸೇರಿಕೊಂಡಿತು.

ಕರಡಿನಲ್ಲಿದ್ದ ಇನ್ನೊಂದು ಪ್ರಯೋಗ "ಪುನರ್ ಜೀರ್ಣೋದ್ಧಾರ". ಆಮಂತ್ರಣ ಪತ್ರಿಕೆಗಳಲ್ಲಿಯೂ ಫ್ಲೆಕ್ಸುಗಳಲ್ಲಿಯೂ ಇದು ಎಷ್ಟು ರೂಢಿಯಾಗಿದೆಯೆಂದರೆ, ಪುನರ್ ಇಲ್ಲದ ಜೀರ್ಣೋದ್ಧಾರವೇ ಅರ್ಧ ಮಾತಿನಂತೆ ಕೆಲವರಿಗೆ ಕೇಳಿಸುತ್ತದೆ. ಒಮ್ಮೆ ಜೀರ್ಣೋದ್ಧಾರವಾದ ಗುಡಿ ಮತ್ತೆ ಶಿಥಿಲವಾಗಿ ಎರಡನೆಯ ಸಲ ಎತ್ತಿ ನಿಲ್ಲಿಸಿದಾಗ ಮಾತ್ರ ಆ ಪೂರ್ವಪದಕ್ಕೆ ಕೆಲಸವಿದೆ. ನಮ್ಮ ಹಿರಿಯರ ಕಾಲದಲ್ಲಿ ಒಮ್ಮೆ ರಿಪೇರಿ ನಡೆದಿತ್ತು ಎಂದು ಸಮಿತಿಯವರೊಬ್ಬರು ವಾದಿಸಿದಾಗ ಯಜಮಾನರು, ಹಾಗಾದರೆ ಆ ಮೊದಲ ಜೀರ್ಣೋದ್ಧಾರದ ಇಸವಿಯನ್ನೂ ಹಾಕೋಣ, ಹೇಳಿ ಎಂದರು. ಇಸವಿ ಯಾರಿಗೂ ತಿಳಿದಿರಲಿಲ್ಲ, ಪುನರ್ ಬಿಟ್ಟುಹೋಯಿತು. ಪ್ರತಿಷ್ಠೆಯ ವಿಷಯ ಬೇರೆ. ಕೆಲಸಕ್ಕಾಗಿ ಮೂರ್ತಿಯನ್ನು ಕದಲಿಸಿ ಮತ್ತೆ ಪ್ರತಿಷ್ಠಾಪಿಸಿದ್ದರಿಂದ ಅದಕ್ಕೆ ಪುನಃಪ್ರತಿಷ್ಠೆ ಎಂಬ ಮಾತು ಸರಿಯಾಗಿಯೇ ಇದೆ, ಅದನ್ನು ಅವರು ಮುಟ್ಟಲಿಲ್ಲ.

ಇನ್ನು ಕಾಗುಣಿತ. ಈ ಒಂದು ಪದವನ್ನು ನಾಲ್ಕಾರು ಬಗೆಯಲ್ಲಿ ತಪ್ಪಾಗಿ ಬರೆಯುವುದನ್ನು ಎಲ್ಲರೂ ನೋಡಿರುತ್ತಾರೆ. ತಾಲೂಕು ಕೇಂದ್ರದ ಒಂದು ಮುದ್ರಣಾಲಯದವರು ಅಚ್ಚು ಹಾಕಿಕೊಟ್ಟ ನಮ್ಮ ದೇಣಿಗೆಯ ರಸೀದಿ ಪುಸ್ತಕದಲ್ಲೇ "ಜೀರ್ಣೋದ್ದಾರ" ಎಂದಿತ್ತು. ಅದರಲ್ಲಿ ಒತ್ತಕ್ಷರ ಅಲ್ಪಪ್ರಾಣವಾಗಿದೆ. ಮಹಾಪ್ರಾಣ ಎಲ್ಲೋ ಇದೆ ಎಂದು ಗೊತ್ತಿದ್ದು ಎಲ್ಲಿ ಎಂದು ಗೊತ್ತಿಲ್ಲದವರು "ಜೀರ್ಣೋಧ್ದಾರ" ಎಂದು ತಿರುವುಮುರುವಾಗಿ ಬರೆಯುತ್ತಾರೆ, ಎರಡೂ ಕಡೆ ಇರಲಿ ಎಂದುಕೊಂಡವರು "ಜೀರ್ಣೋಧ್ಧಾರ" ಎನ್ನುತ್ತಾರೆ, ಅವಸರದವರು ಮೊದಲ ಅಕ್ಷರದ ದೀರ್ಘವನ್ನೇ ನುಂಗಿ "ಜಿರ್ಣೋದ್ಧಾರ" ಮಾಡುತ್ತಾರೆ. ಸರಿಯಾದ ರೂಪ ಒಂದೇ, ಅದನ್ನು ನೆನಪಿಡುವುದು ಕಷ್ಟವೂ ಅಲ್ಲ. ಜೀರ್ಣ ಮತ್ತು ಉದ್ಧಾರ ಸೇರಿ ಗುಣಸಂಧಿಯಾಗಿ ಅಕಾರ ಉಕಾರಗಳ ಜಾಗದಲ್ಲಿ ಓಕಾರ ಬರುತ್ತದೆ. ಉದ್ಧಾರದಲ್ಲಿ ಉತ್ ಎಂಬ ಉಪಸರ್ಗದ ಮುಂದೆ ಹಕಾರ ಬಂದು ಅವೆರಡೂ ದ್ಧ ಆಗಿವೆ. ತತ್ ಮತ್ತು ಹಿತ ಸೇರಿ ತದ್ಧಿತವಾಗುವುದೂ ಇದೇ ದಾರಿಯಲ್ಲಿ. ಇಂಥ ಜೋಡಿಗಳಲ್ಲಿ ಮೇಲಿನ ವ್ಯಂಜನ ಅಲ್ಪಪ್ರಾಣವಾಗಿಯೂ ಒತ್ತು ಮಹಾಪ್ರಾಣವಾಗಿಯೂ ಇರುತ್ತದೆ. ಶುದ್ಧ, ಬುದ್ಧ, ಯುದ್ಧ, ಶ್ರದ್ಧೆ, ಇಚ್ಛೆ, ಉತ್ಥಾನ ಇವನ್ನು ಒಮ್ಮೆ ಬರೆದು ನೋಡಿದರೆ ಕೈಗೆ ಅಭ್ಯಾಸವಾಗುತ್ತದೆ.

ಆಡುಮಾತಿನಲ್ಲಿ ಮಹಾಪ್ರಾಣ ಸವೆದುಹೋಗಿರುವುದು ನಿಜ, ಅದರಲ್ಲಿ ತಪ್ಪೇನೂ ಇಲ್ಲ. ಕನ್ನಡದ ಬರಹದಲ್ಲಿಯೂ ಮಹಾಪ್ರಾಣಗಳು ಬೇಡ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ತಮ್ಮ ಹೊಸಬರಹದ ಮೂಲಕ ವಾದಿಸಿದರು, ಅದು ಗಂಭೀರವಾಗಿ ಎಣಿಸಬೇಕಾದ ವಾದ. ಆದರೆ ಆ ದಾರಿ ಹಿಡಿದವರು ಇಡೀ ಬರಹದಲ್ಲಿ ಒಂದೇ ನಿಯಮ ಪಾಲಿಸುತ್ತಾರೆ. ಒಂದೇ ಫಲಕದಲ್ಲಿ "ಅಧ್ಯಕ್ಷ" ಎಂಬಲ್ಲಿ ಮಹಾಪ್ರಾಣ ಇಟ್ಟುಕೊಂಡು ಜೀರ್ಣೋದ್ಧಾರದಲ್ಲಿ ಕಳೆದುಕೊಂಡರೆ ಅದು ಸುಧಾರಣೆಯಲ್ಲ, ಅಲಕ್ಷ್ಯ. ನಮ್ಮ ಕರಡಿನಲ್ಲಿ "ಪ್ರತಿಷ್ಟಾಪನೆ", "ಶುದ್ದ ತದಿಗೆ", "ಉದ್ಗಾಟನೆ" ಇವೂ ಇದ್ದವು. ಪ್ರತಿಷ್ಠಾಪನೆ, ಶುದ್ಧ ತದಿಗೆ, ಉದ್ಘಾಟನೆ ಎಂದು ಪೆನ್ಸಿಲಿನಲ್ಲಿ ತಿದ್ದಿದ ಹಾಳೆ ನಮ್ಮ ಕೈಗೆ ಬಂತು.

ಹಾಸನ ಜಿಲ್ಲೆಯಲ್ಲಿ ಕುಳಿತು ಈ ಪದವನ್ನು ಕಲ್ಲಿನಲ್ಲಿ ತಪ್ಪಾಗಿ ಬರೆಸುವುದು ನನ್ನ ಮಟ್ಟಿಗೆ ಹೆಚ್ಚು ನೋವಿನ ಸಂಗತಿ, ಏಕೆಂದರೆ ಇಲ್ಲಿನ ಕಲ್ಲುಗಳಿಗೆ ಈ ಪದ ಬಹಳ ಹಳೆಯ ಪರಿಚಯ. ನಮ್ಮ ದಾನಶಾಸನಗಳಲ್ಲಿ ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ನಂದಾದೀವಿಗೆಗಳ ಜೊತೆಗೆ "ಖಂಡಸ್ಫುಟಿತ ಜೀರ್ಣೋದ್ಧಾರ"ಕ್ಕೆಂದು ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರಿದದ್ದು, ಹಳತಾದದ್ದು ಎಂದು ಹಾಳಾಗುವಿಕೆಯ ಬಗೆಗಳನ್ನು ಬಿಡಿಸಿ ಹೇಳಿ, ಗುಡಿ ಕಟ್ಟಿದ ದಿನವೇ ಅದರ ಮುಂದಿನ ದುರಸ್ತಿಗೆ ಆದಾಯ ಗೊತ್ತುಮಾಡುವ ವ್ಯವಸ್ಥೆ ಅದು. ಶಾಸನಗಳ ಕೊನೆಯಲ್ಲಿ ಬರುವ ಪ್ರಸಿದ್ಧ ಶ್ಲೋಕವೊಂದು ದಾನ ಮತ್ತು ಪಾಲನೆಗಳ ನಡುವೆ ಪಾಲನೆಯೇ ಮೇಲು, ದಾನದಿಂದ ಸ್ವರ್ಗ ದೊರೆತರೆ ಪಾಲನೆಯಿಂದ ಅಚ್ಯುತಪದವೇ ದೊರೆಯುತ್ತದೆ ಎನ್ನುತ್ತದೆ. ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸುವುದು ಆ ಕಾಲದ ರೂಢಿಯಾದ್ದರಿಂದ ಧರ್ಮ್ಮ, ಕೀರ್ತ್ತಿ ಎಂಬಂತೆಯೇ "ಜೀರ್ಣ್ಣೋದ್ಧಾರ" ಎಂದೂ ಕೆತ್ತಿದ್ದಾರೆ. ಅದು ಅವರ ಕಾಲದ ಸರಿಯಾದ ಬರವಣಿಗೆ, ಇಂದಿನ ಬರಹಕ್ಕೆ ಆ ದ್ವಿತ್ವ ಬೇಕಿಲ್ಲ. ಅಚ್ಚಗನ್ನಡದಲ್ಲಿಯೂ ಇದಕ್ಕೆ ಸೊಗಸಾದ ಕ್ರಿಯಾಪದವಿತ್ತು: ಪೊಸಯಿಸು, ಅಂದರೆ ಹೊಸದಾಗಿಸು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಗಂಗವಾಡಿಯ ಬಸದಿಗಳನ್ನು ಪೊಸಯಿಸಿದನೆಂದು ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಶಾಸನ ಅವನನ್ನು ಹೊಗಳುತ್ತದೆ. ಬೇಲೂರಿನಲ್ಲಿ ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು 1397ರಲ್ಲಿ, ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ. ಗೋಪುರದ ಮಟ್ಟಿಗೆ ಅದು ಪುನರ್ನಿರ್ಮಾಣ, ದೇವಾಲಯದ ಮಟ್ಟಿಗೆ ಜೀರ್ಣೋದ್ಧಾರ.

ಪದದ ಬಳಕೆಯ ಎಲ್ಲೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅಂಗಡಿಗೆ ಬರುವವರು ಇದನ್ನು ಮನೆಗೂ ಕಚೇರಿಗೂ ಬಳಸಬಹುದೇ ಎಂದು ಕೇಳುವುದನ್ನು ಕಂಡೆ. ದೇವಾಲಯ, ಬಸದಿ, ಮಠ, ಕೆರೆ, ಕಲ್ಯಾಣಿಗಳಿಗೆ ಜೀರ್ಣೋದ್ಧಾರ ಸಹಜವಾಗಿ ಒಪ್ಪುತ್ತದೆ. ವಾಸದ ಮನೆಗೆ, ಕಚೇರಿಗೆ, ಬಸ್ ನಿಲ್ದಾಣಕ್ಕೆ ನವೀಕರಣ ಸಾಕು. ಸೋರುವ ಹೆಂಚು ಬದಲಿಸಿದರೆ ಅದು ದುರಸ್ತಿ ಅಥವಾ ರಿಪೇರಿ. ಅದಕ್ಕೆ ದೊಡ್ಡ ಹೆಸರು ಬೇಡ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ನಡೆಯುವುದು ಸಂರಕ್ಷಣೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂಥ ಕಡೆ ಹಳೆಯದನ್ನು ಇದ್ದಂತೆ ಕಾಪಾಡುವುದು ಗುರಿಯೇ ಹೊರತು ಹೊಸದಾಗಿ ಕಾಣಿಸುವುದಲ್ಲ.

ಈಗ ಕಲ್ಲಿನ ಕೆಲಸಕ್ಕೆ ಬರುತ್ತೇನೆ. ಫಲಕದ ಬರಹ ಮೊದಲು ಗಣಕದಲ್ಲಿ ಕೋರಲ್‌ಡ್ರಾ ತಂತ್ರಾಂಶದಲ್ಲಿ ಸಿದ್ಧವಾಗುತ್ತದೆ. ನಾವು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡಿನಲ್ಲಿ, ವಿನ್ಯಾಸ ಮಾಡುವ ಹಳೆಯ ಅಂಗಡಿಗಳು ಬಳಸುವುದು ಕನ್ನಡ ಗಣಕ ಪರಿಷತ್ತಿನ ನುಡಿಯ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳನ್ನು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು. ಜೀರ್ಣೋದ್ಧಾರದಲ್ಲಿ ಅರ್ಕಾವತ್ತು, ಹಲವು ತುಂಡುಗಳಿಂದ ಕೂಡಿದ ಓತ್ವ, ಮಹಾಪ್ರಾಣದ ಒತ್ತು ಮೂರೂ ಒಂದರ ಪಕ್ಕ ಒಂದು ಇರುವುದರಿಂದ ಈ ಪದ ವಿಶೇಷವಾಗಿ ಅಪಾಯಕ್ಕೆ ಒಳಗಾಗುತ್ತದೆ. "ಜೀಣೋರ್ದ್ಧಾರ" ಎಂಬ ವಿಚಿತ್ರ ರೂಪ ಹುಟ್ಟುವುದು ಹೀಗೆ. ಬರೆದವರು ಸರಿಯಾಗಿಯೇ ಬರೆದಿರುತ್ತಾರೆ, ಕಲ್ಲಿನ ಮೇಲೆ ತಪ್ಪು ಮೂಡುತ್ತದೆ. ಈ ಅಂಗಡಿಯಲ್ಲಿ ಪರಿವರ್ತನೆಯನ್ನು ನಂಬುವುದಿಲ್ಲ. ಮುಖ್ಯ ಸಾಲುಗಳನ್ನು ಮತ್ತೆ ಕೈಯಾರೆ ಟೈಪ್ ಮಾಡಿ, ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಗೋಡೆಗೆ ಅಂಟಿಸಿ, ಪ್ರತಿ ಸಾಲಿನ ಅಂಚಿನಲ್ಲಿ ನಮ್ಮ ಸಹಿ ಪಡೆಯುತ್ತಾರೆ. ಕುಳಿತು ಓದಿದಾಗ ಕಾಣದ ತಪ್ಪುಗಳು ಆರು ಅಡಿ ದೂರದಲ್ಲಿ ನಿಂತು ಓದಿದಾಗ ಕಾಣುತ್ತವೆ. ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದದ್ದು ನಮಗೆ ಹಾಗೆಯೇ ಕಂಡಿತು.

ಅನುಮೋದನೆಯಾದ ವಿನ್ಯಾಸವನ್ನು ಪ್ಲಾಟರ್ ಯಂತ್ರದಲ್ಲಿ ದಪ್ಪ ರಬ್ಬರ್ ಸ್ಟಿಕ್ಕರಿನ ಮೇಲೆ ಕತ್ತರಿಸಿ, ಅದನ್ನು ಹೊಳಪಿನ ಕಲ್ಲಿಗೆ ಅಂಟಿಸುತ್ತಾರೆ. ಬಳಿಕ ಅಕ್ಷರದ ಭಾಗವನ್ನಷ್ಟೇ ಸ್ಟಿಕ್ಕರಿನಿಂದ ಕಿತ್ತು ತೆಗೆಯಬೇಕು. ಆಮೇಲೆ ಗಾಳಿಯ ಒತ್ತಡದಲ್ಲಿ ಮರಳನ್ನು ಎರಚಿದಾಗ ಸ್ಟಿಕ್ಕರ್ ಇಲ್ಲದ ಕಡೆ ಮಾತ್ರ ಕಲ್ಲು ಕೊರೆದು ಅಕ್ಷರ ಮೂಡುತ್ತದೆ. ಈ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ಚಿಮುಟ ಹಿಡಿದು, ಮೇಜಿನ ದೀಪವನ್ನು ಕಲ್ಲಿಗೆ ತಾಗುವಷ್ಟು ತಗ್ಗಿಸಿಕೊಂಡು ಬಗ್ಗಿದ್ದರು. ದ್ಧಾ ಅಕ್ಷರದ ಒತ್ತಿಗೆ ಬಂದಾಗ ಅವರ ಕೈ ನಿಧಾನವಾಯಿತು. ದ ಮತ್ತು ಧ ಅಕ್ಷರಗಳ ನಡುವೆ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಪುಟ್ಟ ಗೀಟು ಮಾತ್ರ, ಒತ್ತಿನಲ್ಲಿ ಅದು ಇನ್ನೂ ಚಿಕ್ಕದಾಗುತ್ತದೆ. ಆ ಗೀಟಿನ ಜಾಗದ ಸ್ಟಿಕ್ಕರ್ ತುಣುಕನ್ನು ಕೀಳದೆ ಬಿಟ್ಟರೆ ಅಲ್ಲಿಗೆ ಮರಳು ತಾಗುವುದಿಲ್ಲ, ಗಣಕದಲ್ಲಿ ಸರಿಯಿದ್ದ ಧ ಕಲ್ಲಿನಲ್ಲಿ ದ ಆಗಿ ಉಳಿಯುತ್ತದೆ. ಅಕ್ಷರದ ಒಳಗಿನ ಖಾಲಿ ಜಾಗದ ತುಣುಕು ಅಕಸ್ಮಾತ್ ಎದ್ದುಬಂದರೆ ಇಡೀ ಒತ್ತು ಒಂದು ಗುಳಿಯಾಗುತ್ತದೆ. ಅವರು ಸೂಜಿಯ ಮೊನೆಯಿಂದ ಆ ಗೀಟನ್ನು ಎತ್ತಿ, ತುಣುಕನ್ನು ಬೆರಳಿಗೆ ಅಂಟಿಸಿಕೊಂಡು, "ಇದೇ ನೋಡಿ ಅಣ್ಣ, ಇದು ಬಿಟ್ಟರೆ ಆಯ್ತು, ಬೈಸ್ಕೊಬೇಕು," ಎಂದರು. ಎಳ್ಳಿಗಿಂತ ಸಣ್ಣ ತುಣುಕು ಅದು.

ಇದೇ ಕಾರಣಕ್ಕೆ ಅಕ್ಷರದ ಗಾತ್ರದ ಬಗ್ಗೆ ಯಜಮಾನರಿಗೆ ಬಿಗಿಯಾದ ನಿಯಮವಿದೆ: ಒತ್ತಿನ ಅತ್ಯಂತ ತೆಳುವಾದ ಗೀಟು ಒಂದೂವರೆ ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ನಾವು ಕಳುಹಿಸಿದ್ದಷ್ಟು ಹೆಸರುಗಳನ್ನು ತುಂಬಿದ್ದರೆ ಅದು ಸಾಧ್ಯವಿರಲಿಲ್ಲ. ಹೆಸರುಗಳ ಹಿಂದಿನ ಬಿರುದುಬಾವಲಿಗಳನ್ನು ಕಡಿಮೆ ಮಾಡಿ, ಇಲ್ಲವೇ ಎರಡನೆಯ ಕಲ್ಲು ಮಾಡಿಸಿ ಎಂದು ಅವರು ನೇರವಾಗಿ ಹೇಳಿದರು. ಎರಡನೆಯ ಕಲ್ಲಿನಿಂದ ಅವರಿಗೇ ಲಾಭವಿದ್ದರೂ ಮೊದಲ ಸಲಹೆಯನ್ನೇ ಒತ್ತಿ ಹೇಳಿದ್ದು ನನಗೆ ಹಿಡಿಸಿತು. ಬಿರುದುಗಳು ಹೋದವು, ಮೇಲಿನ ಸಾಲು ದಪ್ಪವಾಯಿತು. ವಾಕ್ಯವನ್ನೂ ಅವರು ಸರಳಗೊಳಿಸಿದರು. "ಜೀರ್ಣೋದ್ಧಾರಗೊಳಿಸಲ್ಪಟ್ಟಿತು" ಎಂಬ ಉದ್ದದ ಕರ್ಮಣಿ ರೂಪದ ಬದಲು "ಈ ದೇವಾಲಯದ ಜೀರ್ಣೋದ್ಧಾರವನ್ನು ಗ್ರಾಮಸ್ಥರು ನೆರವೇರಿಸಿದರು" ಎಂದಾಯಿತು. ಮಾಡಿದವರು ಯಾರೆಂದು ಕಲ್ಲು ಹೇಳಬೇಕಲ್ಲವೇ ಎಂಬುದು ಅವರ ವಾದ, ನಾವು ಒಪ್ಪಿದೆವು.

ಲೇಸರ್ ಕೆತ್ತನೆಯೂ ಅಲ್ಲಿ ಲಭ್ಯವಿದೆ, ಅಗ್ಗವೂ ಹೌದು. ಅದರಲ್ಲಿ ಗ್ರಾನೈಟಿನ ಹೊಳಪು ಮೇಲ್ಮೈಯಲ್ಲಷ್ಟೇ ಹೋಗಿ ಬೂದುಬಣ್ಣದ ಗೆರೆ ಮೂಡುತ್ತದೆ, ಆಳವಿಲ್ಲ. ಒಳಾಂಗಣದ ಭಾವಚಿತ್ರಕ್ಕೆ ಅದು ಚೆನ್ನ, ಮಳೆ ಬಿಸಿಲಿಗೆ ಒಡ್ಡಿಕೊಳ್ಳುವ ಫಲಕಕ್ಕೆ ಮರಳಿನ ಕೆತ್ತನೆಯನ್ನೇ ಆರಿಸಿಕೊಳ್ಳಿ. ಕಲ್ಲುಕುಟಿಗರಿಂದ ಉಳಿ ಸುತ್ತಿಗೆಯಲ್ಲಿ ಕೆತ್ತಿಸುವುದು ಎಲ್ಲಕ್ಕಿಂತ ಆಳ, ಎಲ್ಲಕ್ಕಿಂತ ದುಬಾರಿ. ಹೊಯ್ಸಳರ ಹಲವು ಶಾಸನಗಳು ಮೃದುವಾದ ಬಳಪದ ಕಲ್ಲಿನಲ್ಲಿದ್ದರೂ ಒಂಬೈನೂರು ವರ್ಷಗಳ ನಂತರ ಓದಲು ಸಿಗುತ್ತಿರುವುದರಲ್ಲಿ ಕೈಕೆತ್ತನೆಯ ಆಳದ ಪಾಲು ದೊಡ್ಡದು.

ಕೊರತೆಗಳನ್ನೂ ಹೇಳಬೇಕು. ಪೇಟೆಯ ಬೇರೆ ಅಂಗಡಿಗಳಿಗಿಂತ ಇಲ್ಲಿ ದರ ಹೆಚ್ಚು, ಚೌಕಾಸಿಗೆ ಅವಕಾಶವಿಲ್ಲ. ವೈಶಾಖದ ಪ್ರತಿಷ್ಠೆಗಳ ಕಾಲದಲ್ಲಿ ಕೆಲಸ ತಡವಾಗುತ್ತದೆ. ನಮ್ಮ ಫಲಕ ಕಾರ್ಯಕ್ರಮದ ಹಿಂದಿನ ಸಂಜೆ ಕೈಸೇರಿತು, ಆ ಆತಂಕ ಬೇಡವಾಗಿತ್ತು. ಯುಗಾದಿಗಿಂತ ಮುಂಚೆಯೇ ಬರಹ ಕೊಡುವುದು ಕ್ಷೇಮ. ಗೋಡೆಗೆ ಕೂರಿಸುವ ಕೆಲಸ ದರದಲ್ಲಿ ಸೇರಿಲ್ಲ ಎಂಬುದನ್ನು ಮೊದಲೇ ಹೇಳಲಿಲ್ಲ, ತುಕ್ಕು ಹಿಡಿಯದ ತಿರುಪುಗಳನ್ನೂ ಹಿತ್ತಾಳೆಯ ಟೋಪಿಗಳನ್ನೂ ನಾವೇ ತರಬೇಕಾಯಿತು. ಕೆತ್ತಿದ ಅಕ್ಷರಕ್ಕೆ ತುಂಬುವ ಚಿನ್ನದ ಬಣ್ಣ ಬಿಸಿಲಿನಲ್ಲಿ ಬೇಗ ಮಂಕಾಗುತ್ತದೆ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಸೂರಿನ ನೆರಳು ಬೀಳುವ ಗೋಡೆಯಾದರೆ ಚಿನ್ನದ ಬಣ್ಣ, ಬಯಲಾದರೆ ಬಿಳಿ ಎಂಬುದು ಅವರ ಸಲಹೆ. ಬಣ್ಣ ಮಾಸಿದರೆ ಒಮ್ಮೆ ಉಚಿತವಾಗಿ ಮತ್ತೆ ತುಂಬಿಕೊಡುವುದಾಗಿ ಬಾಯಿಮಾತಿನಲ್ಲಿ ಹೇಳುತ್ತಾರೆ, ಅದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ವಿನ್ಯಾಸದ ಕಡತವನ್ನೂ ಕೇಳಿ ಪಡೆಯಿರಿ. ಕೇಳಿದವರಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತಾರೆ, ಕೇಳದಿದ್ದರೆ ಕೆಲವು ತಿಂಗಳ ನಂತರ ಅಳಿಸಿಬಿಡುತ್ತಾರೆ.